ಪಾವಲಿ ಹಾಕಿದವರ ಚರಿತ್ರೆ

ಅಮೆರಿಕಾದಲ್ಲಿ ಈಗ ಐವತ್ತು ದಾಟಿದ ಒಂದು ತಲೆಮಾರು ಇದೆ. ಅವರ ಬಾಯಲ್ಲಿ ಮೇಲಿಂದ ಮೇಲೆ ಒಂದು ನಿಟ್ಟುಸಿರು ಬರುತ್ತದೆ: ಆರ್ಕೇಡುಗಳ ಕಾಲ ಎಷ್ಟು ಚೆನ್ನಾಗಿತ್ತು! ಆರ್ಕೇಡ್ ಅಂದರೆ ವಿಡಿಯೋ ಆಟದ ಅಂಗಡಿ. ಮಬ್ಬುಗತ್ತಲೆಯ ಹಜಾರ, ಗೋಡೆಗುಂಟ ಬೀರುವಿನಷ್ಟು ಎತ್ತರದ ಮೆಷೀನುಗಳು, ಪ್ರತಿ ಮೆಷೀನಿಗೂ ಒಂದು ಗಾಜಿನ ಪರದೆ, ಒಂದು ಹಿಡಿಕೆ, ಒಂದೆರಡು ಗುಂಡಿ, ಕೆಳಗೆ ಕಾಸು ಹಾಕುವ ಸೀಳು. ಕಾಲು ಡಾಲರಿನ ನಾಣ್ಯ, ಅಂದರೆ ಅವರ ಪಾವಲಿ, ಹಾಕಿದರೆ ಆಟ ಶುರು.

ಈ ನಿಟ್ಟುಸಿರಿನ ಮೇಲೆ ದೊಡ್ಡ ವ್ಯಾಪಾರವೇ ನಡೀತಿದೆ. ಹಳೇ ಮೆಷೀನುಗಳನ್ನು ರಿಪೇರಿ ಮಾಡಿ ಸಾವಿರಾರು ಡಾಲರಿಗೆ ಮಾರುತ್ತಾರೆ. ಬಿಯರಿನ ಜೊತೆ ಹಳೇ ಆಟ ಆಡಿಸುವ ಬಾರುಗಳಿವೆ. ಅನೇಕ ಕಡೆ ಇಪ್ಪತ್ತೊಂದು ತುಂಬದವರಿಗೆ ಒಳಕ್ಕೆ ಬಿಡೋದಿಲ್ಲ. ಹುಡುಗರ ಕಾಸಿನಿಂದ ಬೆಳೆದ ಆಟ, ಈಗ ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸಿ ಅವರಪ್ಪಂದಿರು ಆಡುತ್ತಿದ್ದಾರೆ.

ಇದರಿಂದ ನಮಗೇನು ಅಂತ ಗೆಳೆಯರು ಕೇಳಬಹುದು. ಹಳೇ ಕಾಲ ಚೆನ್ನಾಗಿತ್ತು ಅಂತ ಯಾರಾದರೂ ಅಂದಾಗ, ಯಾರಿಗೆ ಚೆನ್ನಾಗಿತ್ತು ಅಂತ ಕೇಳೋದು ನಮಗೆ ರೂಢಿಯಾಗಿದೆ. ನಮ್ಮ ಊರುಗಳ ಹಿರೀಕರೂ ಹಳೇ ಕಾಲದ ಸೊಗಸನ್ನು ಬಣ್ಣಿಸುತ್ತಾರೆ. ಆ ಸೊಗಸಿನ ಕಾಲದಲ್ಲಿ ನಮ್ಮ ಅಜ್ಜಿಯರು ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಬಂದು ನೀರು ಹೊಯ್ಯಲಿ ಅಂತ ಕೊಡ ಹಿಡಿದು ಕಾಯುತ್ತಿದ್ದರು. ಹಾಗಾಗಿ ಏಳು ಸಮುದ್ರದ ಆಚೆಯ ಸೊಗಸನ್ನೂ ಸ್ವಲ್ಪ ಕೆದಕಿ ನೋಡುವುದರಲ್ಲಿ ತಪ್ಪಿಲ್ಲ.

ಮೊದಲು ಆ ಜಾಗದ ಒಳ್ಳೇದನ್ನು ಹೇಳಿಬಿಡೋಣ. ಅಲ್ಲಿ ಒಂದು ಪದ್ಧತಿ ಇತ್ತು. ಆಡುತ್ತಿರುವವನ ಹಿಂದೆ ನಿಂತ ಹುಡುಗ ತನ್ನ ಪಾವಲಿಯನ್ನು ಪರದೆಯ ಕೆಳಗಿನ ಅಂಚಿನ ಮೇಲೆ ಇಡುತ್ತಿದ್ದ. ಮುಂದಿನ ಸರದಿ ನಂದು ಅಂತ ಅದರ ಅರ್ಥ. ಅದರ ಪಕ್ಕ ಇನ್ನೊಬ್ಬನ ಪಾವಲಿ, ಅದರ ಪಕ್ಕ ಮತ್ತೊಬ್ಬನದು. ಚೀಟಿ ಇಲ್ಲ, ಸಾಲು ನೋಡಿಕೊಳ್ಳುವ ಯಜಮಾನನಿಲ್ಲ, ಬರೆದ ಕಾನೂನಿಲ್ಲ. ಆದರೂ ಬಿಳಿಯನ ನಾಣ್ಯ ಕರಿಯನ ನಾಣ್ಯವನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ಎದುರಾಳಿಯ ಜೊತೆ ಆಡುವ ಆಟದಲ್ಲಿ ಗೆದ್ದವನು ನಿಲ್ಲುತ್ತಿದ್ದ, ಸೋತವನು ಹಿಂದಕ್ಕೆ ಸರಿಯುತ್ತಿದ್ದ. ಯಾರ ಮಗ, ಯಾವ ಬೀದಿ, ಮೆಷೀನಿಗೆ ಬೇಕಿರಲಿಲ್ಲ. ಹೋಟೆಲಿನ ಹೊರಗೆ ತನ್ನ ಲೋಟ ತಾನೇ ತೊಳೆದು ಬೋರಲು ಹಾಕಿ ಬಂದವರ ಮಕ್ಕಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಕಾಸು ಇದ್ದವನಿಗೆ ಮಾತ್ರ ಈ ಸಮಾನತೆ ಅನ್ನೋದೂ ನಿಜ. ಎರಡನ್ನೂ ನೆನಪಿಡೋಣ.

ಇನ್ನು ಇದರ ಹುಟ್ಟು. 1971ರಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಎಂಬಿಬ್ಬರು ‘ಕಂಪ್ಯೂಟರ್ ಸ್ಪೇಸ್’ ಎಂಬ ಕಾಸಿನ ಯಂತ್ರ ಮಾಡಿದರು. ಅದು ಅಷ್ಟಾಗಿ ಓಡಲಿಲ್ಲ. 1972ರಲ್ಲಿ ಅವರದೇ ಅಟಾರಿ ಕಂಪನಿಯ ಆಲ್ ಆಲ್ಕಾರ್ನ್ ‘ಪಾಂಗ್’ ಮಾಡಿದ. ಎರಡು ಗೆರೆ, ನಡುವೆ ಒಂದು ಚುಕ್ಕಿ, ಪರದೆಯ ಮೇಲಿನ ಟೇಬಲ್ ಟೆನ್ನಿಸ್ಸು. ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಹೆಂಡದಂಗಡಿಯಲ್ಲಿ ಅದನ್ನು ಇಟ್ಟರು. ಕೆಲವೇ ದಿನಗಳಲ್ಲಿ ಮೆಷೀನು ಕೆಟ್ಟಿದೆ ಅಂತ ದೂರು ಬಂತು. ಬಿಚ್ಚಿ ನೋಡಿದರೆ ಕಾಸಿನ ಡಬ್ಬಿ ತುಂಬಿ ತುಳುಕಿ ಸಿಕ್ಕಿಹಾಕಿಕೊಂಡಿತ್ತು. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ತಂದರು. ಅದರ ದೆಸೆಯಿಂದ ಜಪಾನಿನಲ್ಲಿ ನೂರು ಯೆನ್ನಿನ ನಾಣ್ಯವೇ ಸಾಲದೆ ಹೋಯಿತು ಅಂತ ಒಂದು ಕಥೆ ಇವತ್ತಿಗೂ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ. ಹಳೇ ಕಾಲದ ಮೋಹಕ್ಕೆ ಪುರಾಣ ಬೇಕು, ಹಾಗಾಗಿ ಕಥೆ ಸಾಯೋದಿಲ್ಲ.

ಸುಳ್ಳು ಲೆಕ್ಕ ಬೇಡ, ದೊಡ್ಡ ಲೆಕ್ಕವೇ ಇದೆ. 1982ರ ಜನವರಿಯಲ್ಲಿ ‘ಟೈಮ್’ ವಾರಪತ್ರಿಕೆ ಮುಖಪುಟ ಲೇಖನ ಮಾಡಿತು. 1981ರ ಒಂದೇ ವರ್ಷದಲ್ಲಿ ಅಮೆರಿಕನ್ನರು ಈ ಮೆಷೀನುಗಳಿಗೆ 2,000 ಕೋಟಿ ಪಾವಲಿ ಹಾಕಿದರು ಅಂತ ಬರೆಯಿತು. 500 ಕೋಟಿ ಡಾಲರು! ಈ ದುಡ್ಡು ಯಾರ ಜೇಬಿನಿಂದ ಬಂತು? ಊಟದ ಕಾಸು, ಪೇಪರು ಹಾಕಿದ ಕಾಸು, ಹುಲ್ಲು ಕತ್ತರಿಸಿದ ಕೂಲಿ. ಮೆಷೀನನ್ನು ಕಟ್ಟುತ್ತಿದ್ದ ರೀತಿಯೇ ಹಾಗೆ. ಹೊಸಬನೊಬ್ಬ ಎರಡು ಮೂರು ನಿಮಿಷದಲ್ಲಿ ಸಾಯಬೇಕು, ಇನ್ನೊಂದು ಪಾವಲಿಗೆ ಕೈ ಜೇಬಿಗೆ ಹೋಗಬೇಕು. ಎಷ್ಟು ‘ಜೀವ’ ಕೊಡಬೇಕು, ಎಷ್ಟು ಕಷ್ಟ ಇಡಬೇಕು ಅನ್ನೋ ಸಣ್ಣ ಸ್ವಿಚ್ಚುಗಳು ಒಳಗಿನ ಬೋರ್ಡಿನ ಮೇಲೆ ಇರುತ್ತಿದ್ದವು. ಬೀಗದ ಕೈ ಅಂಗಡಿಯವನ ಹತ್ತಿರ.

ಆದರೆ ಹುಡುಗರು ಕಲಿತುಬಿಟ್ಟರು. 1979ರ ‘ಆಸ್ಟರಾಯ್ಡ್ಸ್’ ಆಟದಲ್ಲಿ ಕಡೇ ಒಂದು ಕಲ್ಲನ್ನು ಒಡೆಯದೆ ಬಿಟ್ಟು, ಪರದೆಯ ಮೂಲೆಯಲ್ಲಿ ಹೊಂಚುಹಾಕಿ, ಬರುವ ಹಾರುತಟ್ಟೆಗಳನ್ನು ಮಾತ್ರ ಹೊಡೆಯುತ್ತಾ ಒಂದೇ ಪಾವಲಿಯಲ್ಲಿ ಗಂಟೆಗಟ್ಟಲೆ ನಿಂತರು. ಅಂಗಡಿಯವನಿಗೆ ಅದು ನಷ್ಟ. ಆಗ ಏನು ಮಾಡಿದರು? ಆಟವನ್ನು ಬಿಗಿ ಮಾಡುವ ಹೆಚ್ಚುವರಿ ಬೋರ್ಡುಗಳು ಬಂದವು. 1981ರಲ್ಲಿ ಎಂ.ಐ.ಟಿ. ಎಂಬ ಹೆಸರಾಂತ ಸಂಸ್ಥೆಯಲ್ಲಿ ಓದುತ್ತಿದ್ದ ಹುಡುಗರು ‘ಮಿಸೈಲ್ ಕಮಾಂಡ್’ ಆಟವನ್ನು ಇನ್ನೂ ಕಠಿಣ ಮಾಡುವ ಇಂಥದೇ ಬೋರ್ಡು ತಯಾರಿಸಿ ಅಂಗಡಿಯವರಿಗೆ ಮಾರಿದರು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೈ ಚುರುಕಾದಷ್ಟೂ ಕಂಟ್ರಾಕ್ಟರು ಎಲೆ ಕಡಿಮೆ ಕೊಟ್ಟು ಲೆಕ್ಕ ಮಾತ್ರ ಅಷ್ಟೇ ಕೇಳುತ್ತಾನಲ್ಲ, ಅದೇ ಬುದ್ಧಿ ಇದು. ದುಡಿಮೆಯಲ್ಲೂ ಆಟದಲ್ಲೂ ಬಡವನ ಕೌಶಲವನ್ನು ಕಂಡರೆ ಬಂಡವಾಳಕ್ಕೆ ಆಗೋದಿಲ್ಲ.

ಇನ್ನು ಮೆಷೀನಿನ ಹೊಟ್ಟೆಯೊಳಗೆ ಬರೋಣ. ಪಾಂಗಿನ ಒಳಗೆ ಕಂಪ್ಯೂಟರು ಇರಲಿಲ್ಲ, ಬೆಸುಗೆ ಹಾಕಿದ ಚಿಪ್ಪುಗಳ ಸಾಲು ಇತ್ತು. ಅಂಥ ಚಿಪ್ಪುಗಳ ಉದ್ಯಮದ ದೊಡ್ಡ ಯಜಮಾನರಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಒಂದು. ಅದು 1965ರಿಂದ ನ್ಯೂಮೆಕ್ಸಿಕೋ ರಾಜ್ಯದ ಶಿಪ್‌ರಾಕ್ ಎಂಬಲ್ಲಿ, ನವಾಹೊ ಆದಿವಾಸಿಗಳ ನೆಲದಲ್ಲಿ ಕಾರ್ಖಾನೆ ನಡೆಸಿತು. ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂದಲಿಗಿಂತ ತೆಳ್ಳಗಿನ ತಂತಿ ಕೂಡಿಸುತ್ತಿದ್ದರು. ತರಬೇತಿಗೆ ಸರ್ಕಾರದ ಸಹಾಯಧನ, ಕೂಲಿ ಅಗ್ಗ. 1969ರಲ್ಲಿ ಹೊಸ ಕಟ್ಟಡದ ಉದ್ಘಾಟನೆಗೆ ಕಂಪನಿ ಒಂದು ಪುಸ್ತಿಕೆ ಹಂಚಿತು. ನವಾಹೊ ಹೆಂಗಸರು ನೇಯುವ ಕಂಬಳಿಯ ಚಿತ್ತಾರವನ್ನೂ ಚಿಪ್ಪಿನ ಗೆರೆಗಳನ್ನೂ ಅಕ್ಕಪಕ್ಕ ಇಟ್ಟು, ಈ ಕೆಲಸ ಇವರ ಕೈಗೆ ಹುಟ್ಟಿನಿಂದಲೇ ಬಂದದ್ದು ಎಂಬ ಭಾವ ಬರುವ ಹಾಗೆ ಅದರಲ್ಲಿ ಬರೆದಿತ್ತು. ನಮಗೆ ಇದು ಹೊಸ ಮಾತೇ? ಮನುಧರ್ಮಶಾಸ್ತ್ರ ಇಂಗ್ಲಿಷು ಕಲಿತು ಸೂಟು ಹಾಕಿಕೊಂಡು ಬಂದರೆ ಹೀಗೇ ಮಾತಾಡುತ್ತದೆ. ಚಪ್ಪಲಿ ಹೊಲಿಯುವ ಕೈಗೆ ಚಪ್ಪಲಿ ಹೊಲಿಯೋದೇ ಹುಟ್ಟುಗುಣ; ಆದ್ದರಿಂದ ಕೂಲಿ ಯಾಕೆ ಜಾಸ್ತಿ ಕೊಡಬೇಕು?

1975ರ ಫೆಬ್ರವರಿಯಲ್ಲಿ ಕಂಪನಿ 140 ಜನ ನವಾಹೊ ಕೆಲಸಗಾರರನ್ನು ಮನೆಗೆ ಕಳಿಸಿತು. ಅಮೆರಿಕನ್ ಇಂಡಿಯನ್ ಮೂವ್‌ಮೆಂಟಿನ ಹುಡುಗರು ಕೋವಿ ಹಿಡಿದು ಕಾರ್ಖಾನೆಗೆ ನುಗ್ಗಿ, ಸುಮಾರು ಎಂಟು ದಿನ ಅದನ್ನು ವಶದಲ್ಲಿಟ್ಟುಕೊಂಡರು. ಕಂಪನಿ ಅದನ್ನೇ ನೆಪ ಮಾಡಿಕೊಂಡು ಶಿಪ್‌ರಾಕ್ ಕಾರ್ಖಾನೆಗೆ ಕಾಯಂ ಬೀಗ ಹಾಕಿತು. ಈ ಕಾರ್ಖಾನೆಯ ಚಿಪ್ಪು ಪಾಂಗಿನೊಳಗೇ ಹೋಯಿತು ಅಂತ ನಾನು ಹೇಳುತ್ತಿಲ್ಲ. ಆ ಹೊಳೆಯುವ ಪರದೆಗಳ ಉದ್ಯಮ ಯಾರ ಕಣ್ಣಿನ ಮೇಲೆ ನಿಂತಿತ್ತು ಅಂತ ಹೇಳುತ್ತಿದ್ದೇನೆ.

ಅದೇ ಫೇರ್‌ಚೈಲ್ಡಿನಲ್ಲಿ ಜೆರ್ರಿ ಲಾಸನ್ ಎಂಬ ಕರಿಯ ಎಂಜಿನಿಯರ್ ಇದ್ದರು. 1940ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದವರು. ಮನೆಯ ಗ್ಯಾರೇಜಿನಲ್ಲಿ ‘ಡೆಮಾಲಿಷನ್ ಡರ್ಬಿ’ ಎಂಬ ಕಾಸಿನ ಆಟದ ಯಂತ್ರ ತಾವೇ ಮಾಡಿ ಒಂದು ಪಿಜ್ಜಾ ಅಂಗಡಿಯಲ್ಲಿ ಇಟ್ಟು ನೋಡಿದರು. ಅದು ಗೊತ್ತಾದ ಮೇಲೆ ಕಂಪನಿ ಅವರಿಗೇ ವಿಡಿಯೋ ಆಟದ ಕೆಲಸ ಒಪ್ಪಿಸಿತು. 1976ರಲ್ಲಿ ಬಂದ ‘ಚಾನೆಲ್ ಎಫ್’ ಅವರ ಮುಂದಾಳತ್ವದ್ದು. ಮನೆಯ ಟಿ.ವಿ.ಗೆ ಜೋಡಿಸುವ ಪೆಟ್ಟಿಗೆ. ಆಟ ಬದಲಾಯಿಸಬೇಕಾದರೆ ಚಿಪ್ಪಿರುವ ಕಾರ್ಟ್ರಿಜ್ ತೆಗೆದು ಇನ್ನೊಂದು ಸಿಕ್ಕಿಸಿದರಾಯಿತು. ಹೀಗೆ ಕಾರ್ಟ್ರಿಜ್ ಬದಲಾಯಿಸುವ ಮೊದಲ ಮನೆ ಮೆಷೀನು ಅದು. ಮುಂದೆ ಆರ್ಕೇಡುಗಳನ್ನು ಖಾಲಿ ಮಾಡಿ ಆಟವನ್ನು ಮನೆಯೊಳಕ್ಕೆ ಒಯ್ದದ್ದು ಇದೇ ದಾರಿ. ಈ ಆಟಗಳ ಚರಿತ್ರೆ ಅಂದಕೂಡಲೇ ಬುಶ್ನೆಲ್ ಹೆಸರು ಬರುತ್ತದೆ. ಲಾಸನ್ನರಿಗೆ ಆಟ ತಯಾರಕರ ಸಂಘ ಗೌರವ ಸಲ್ಲಿಸಿದ್ದು 2011ರ ಮಾರ್ಚಿನಲ್ಲಿ. ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಹೆಂಗಸರ ಪಾಡೂ ಇಷ್ಟೇ. 1980ರ ‘ಪ್ಯಾಕ್-ಮ್ಯಾನ್’ ಮಾಡಿದ ನಾಮ್ಕೊ ಕಂಪನಿಯ ತೋರು ಇವಾತಾನಿ, ಆಟದಂಗಡಿ ಬರೀ ಗಂಡುಹುಡುಗರ ಅಡ್ಡೆಯಾಗಿದೆ, ಹೆಣ್ಣುಮಕ್ಕಳೂ ಬರುವಂತಾಗಲಿ ಅಂತ ಕೊಲ್ಲುವ ಆಟ ಬಿಟ್ಟು ತಿನ್ನುವ ಆಟ ಮಾಡಿದರು. 1981ರ ‘ಸೆಂಟಿಪೀಡ್’ ಆಟವನ್ನು ಎಡ್ ಲಾಗ್ ಜೊತೆ ಸೇರಿ ಮಾಡಿದ್ದು ಡೋನಾ ಬೇಯ್ಲಿ. ಅಟಾರಿಯ ಕಾಸಿನ ಆಟದ ವಿಭಾಗದಲ್ಲಿ ಆಗ ಪ್ರೋಗ್ರಾಮ್ ಬರೆಯುತ್ತಿದ್ದ ಒಬ್ಬಳೇ ಹೆಣ್ಣು. ಕೆಲವೇ ವರ್ಷಗಳಲ್ಲಿ ಆಕೆ ಆ ಉದ್ಯಮವನ್ನೇ ಬಿಟ್ಟು ಹೋದರು. 1982ರ ನವೆಂಬರಿನಲ್ಲಿ ಅಯೋವಾ ರಾಜ್ಯದ ಒಟಮ್ವಾ ಊರಿನಲ್ಲಿ ದೇಶದ ಚಾಂಪಿಯನ್ ಆಟಗಾರರನ್ನೆಲ್ಲ ಬೀದಿಯಲ್ಲಿ ಸೇರಿಸಿ ‘ಲೈಫ್’ ಪತ್ರಿಕೆ ಫೋಟೋ ತೆಗೆಯಿತು. ಹದಿನಾರು ಜನ ಆಟಗಾರರು, ಹದಿನಾರೂ ಗಂಡುಗಳು. ಹಳೇ ಕಾಲದ ಮೋಹಿಗಳು ಇವತ್ತಿಗೂ ಗೋಡೆಗೆ ಹಾಕಿಕೊಳ್ಳುವುದು ಆ ಫೋಟೋವನ್ನೇ.

ಇಷ್ಟು ಹೊತ್ತು ಒಳಗಿದ್ದವರ ಮಾತು ಆಯಿತು. ಬಾಗಿಲಲ್ಲಿ ನಿಂತು ತಡೆದವರ ಚರಿತ್ರೆ ಇನ್ನೂ ಹಳೇದು. ವಿಡಿಯೋಗಿಂತ ಮುಂಚೆ ಪಿನ್‌ಬಾಲ್ ಇತ್ತು. 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ಅದನ್ನು ನಿಷೇಧಿಸಿ, ಸುತ್ತಿಗೆ ಹಿಡಿದು ಮೆಷೀನು ಒಡೆಯುವ ಫೋಟೋ ತೆಗೆಸಿಕೊಂಡ. ಶಾಲೆ ಮಕ್ಕಳ ಊಟದ ಕಾಸು ಕದಿಯುತ್ತದೆ ಅನ್ನೋದು ಆರೋಪ. ಆ ನಿಷೇಧ ಹೋದದ್ದು 1976ರಲ್ಲಿ. ಅಷ್ಟರಲ್ಲಿ ವಿಡಿಯೋ ಮೆಷೀನು ಬಂತು, ಅದೇ ಆರೋಪ ಹೊಸ ಬಟ್ಟೆ ಹಾಕಿಕೊಂಡು ಬಂತು. ಟೆಕ್ಸಾಸಿನ ಮೆಸ್ಕೀಟ್ ಎಂಬ ಊರು, 17 ತುಂಬದ ಮಕ್ಕಳು ಅಪ್ಪ ಅಮ್ಮ ಅಥವಾ ಪೋಷಕರು ಜೊತೆಗಿಲ್ಲದೆ ಆಡಬಾರದು ಅಂತ ಕಾನೂನು ಮಾಡಿತು. ಹಗಲೆಲ್ಲ ದುಡಿಯುವ ತಾಯಿ ಮಗನ ಜೊತೆ ಆಟದಂಗಡಿಗೆ ಯಾವಾಗ ಬರಬೇಕು? ಕೇಸು 1982ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟಿಗೆ ಹೋಯಿತು. ವಯಸ್ಸಿನ ಪ್ರಶ್ನೆಯನ್ನು ಕೋರ್ಟು ತೀರ್ಮಾನಿಸದೆ ಕೆಳಕ್ಕೆ ವಾಪಸು ಕಳಿಸಿತು. ತಮಾಷೆ ಅಂದರೆ ಅಲ್ಲಿ ಮಕ್ಕಳ ಹಕ್ಕಿನ ಬಗ್ಗೆ ವಾದಿಸಿದ್ದು ಮಕ್ಕಳಲ್ಲ, ಆಟದಂಗಡಿಯ ಕಂಪನಿ. ಅದೇ 1982ರಲ್ಲಿ ಮ್ಯಾಸಚೂಸೆಟ್ಸ್‌ನ ಮಾರ್ಷ್‌ಫೀಲ್ಡ್ ಊರು ಕಾಸಿನ ವಿಡಿಯೋ ಆಟವನ್ನೇ ಪೂರ್ತಿ ನಿಷೇಧಿಸಿತು. ಆ ನಿಷೇಧ ಎತ್ತಿದ್ದು 2014ರಲ್ಲಿ! ಮೂವತ್ತೆರಡು ವರ್ಷ. ಆಗ ಹನ್ನೆರಡರ ಹುಡುಗನಾಗಿದ್ದವನಿಗೆ ಅಷ್ಟು ಹೊತ್ತಿಗೆ ನಲವತ್ತನಾಲ್ಕು.

1982ರ ನವೆಂಬರಿನಲ್ಲಿ ಅಮೆರಿಕಾ ಸರ್ಕಾರದ ಸರ್ಜನ್ ಜನರಲ್ ಕೂಪ್ ಈ ಆಟಗಳು ಮಕ್ಕಳ ದೇಹ ಮನಸ್ಸು ಎರಡನ್ನೂ ಚಟಕ್ಕೆ ಹಚ್ಚುತ್ತವೆ ಅಂತ ಭಾಷಣ ಮಾಡಿದ. ಮಾರನೇ ದಿನವೇ, ಅದು ನನ್ನ ಸ್ವಂತ ಅಭಿಪ್ರಾಯ, ವಿಜ್ಞಾನದ ಆಧಾರ ಇಲ್ಲ ಅಂತ ಸಮಜಾಯಿಷಿ ಕೊಟ್ಟ. ಫಿಲಿಪೈನ್ಸಿನ ಸರ್ವಾಧಿಕಾರಿ ಮಾರ್ಕೋಸನಿಗೆ ಸಮಜಾಯಿಷಿಯ ಹಂಗೂ ಇರಲಿಲ್ಲ. 1981ರ ನವೆಂಬರಿನಲ್ಲಿ ಇಡೀ ದೇಶದಲ್ಲಿ ವಿಡಿಯೋ ಆಟ ನಿಷೇಧಿಸಿ, ಮೆಷೀನುಗಳನ್ನು ನಾಶ ಮಾಡಲು ಎರಡು ವಾರ ಗಡುವು ಕೊಟ್ಟ. ದೇಶವನ್ನೇ ಕೊಳ್ಳೆ ಹೊಡೆದವನಿಗೆ ಹುಡುಗರ ನೀತಿಯ ಚಿಂತೆ.

ಸರ್ವಾಧಿಕಾರಿಯನ್ನು ಬಯ್ಯೋದು ಸುಲಭ. ನಮ್ಮ ಕಡೆಯವರ ಮಾತೂ ಬರಲಿ. 1981ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಸ್ಪೇಸ್ ಇನ್ವೇಡರ್ಸ್ ಮತ್ತು ಇತರೆ ಎಲೆಕ್ಟ್ರಾನಿಕ್ ಆಟಗಳನ್ನು ಹತೋಟಿಗೆ ತರುವ ಮಸೂದೆ ಬಂತು. ತಂದವನು ಲೇಬರ್ ಪಕ್ಷದ ಜಾರ್ಜ್ ಫೌಕ್ಸ್. ಕಾರ್ಮಿಕರ ಪಕ್ಷದವನು! ಮಕ್ಕಳು ಶಾಲೆ ತಪ್ಪಿಸುತ್ತಾರೆ, ಕದಿಯುತ್ತಾರೆ, ಹಾಳಾಗುತ್ತಾರೆ ಅಂತ ಅವನ ವಾದ. 114 ಜನ ವಿರುದ್ಧ, 94 ಜನ ಪರ, ಮಸೂದೆ ಬಿತ್ತು. ಆ 94 ಜನರನ್ನು ನಾನು ಖಳರು ಅನ್ನುವುದಿಲ್ಲ, ಬಡವರ ಮನೆಯ ಕಾಸು ಹೋಗುವ ಸಂಕಟ ಸುಳ್ಳಲ್ಲ. ಆದರೆ ಬಡವರ ಮಕ್ಕಳು ಎಲ್ಲಿ ನಿಲ್ಲಬಾರದು ಅಂತ ಹೇಳುವವರು ಎಡಕ್ಕೂ ಬಲಕ್ಕೂ ಸಿಗುತ್ತಾರೆ. ಎಲ್ಲಿ ನಿಲ್ಲಬಹುದು ಅಂತ ಜಾಗ ತೋರಿಸುವವರು ಯಾರೂ ಇಲ್ಲ. ಸಿರಿವಂತರ ಮಕ್ಕಳಿಗೆ ಕ್ಲಬ್ಬಿತ್ತು, ಮನೆಯಲ್ಲಿ ಸ್ವಂತ ಕೋಣೆಯಿತ್ತು.

ಜಪಾನಿನಲ್ಲಿ 1984ರಲ್ಲಿ ತಿದ್ದುಪಡಿ ಮಾಡಿದ ಕಾನೂನು 1985ರ ಫೆಬ್ರವರಿಯಿಂದ ಜಾರಿಗೆ ಬಂದು, ಆಟದಂಗಡಿಗಳು ಪೊಲೀಸರ ಲೈಸೆನ್ಸಿನ ಕೆಳಗೆ ಬಂದವು, ಮಧ್ಯರಾತ್ರಿಗೆ ಬಾಗಿಲು ಹಾಕಬೇಕಾಯಿತು. ನಮ್ಮ ಬೆಂಗಳೂರಿಗೂ ಈ ಕಥೆಯ ಒಂದು ಎಳೆ ಇದೆ. 1989ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಆದೇಶ ಹೊರಟು, ವಿಡಿಯೋ ಆಟದ ಪಾರ್ಲರುಗಳ ಮೇಲೂ ಪೊಲೀಸ್ ಕಮಿಷನರ ಅಧಿಕಾರ ಬಂತು. ಪಾರ್ಲರಿನವರು ಕೋರ್ಟಿಗೆ ಹೋದರು. 1995ರಲ್ಲಿ ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು. ಮೆಷೀನಿನೊಳಗೆ ಕೈಚಳಕ ಮಾಡಿ ಆಡುವವನು ಗೆಲ್ಲದಂತೆ ಮಾಡಬಹುದು, ಆದ್ದರಿಂದ ಲೈಸೆನ್ಸು ಬೇಕು ಅನ್ನೋದು ಅದರ ಒಂದು ಮುಖ್ಯ ಮಾತು. ಆ ಮಾತಿನಲ್ಲಿ ನ್ಯಾಯ ಇದೆ. ವಿಡಿಯೋ ಆಟದ ಹೆಸರಿನಲ್ಲಿ ಜೂಜೂ ನಡೆಯುತ್ತಿತ್ತು.

ಬಾಗಿಲಲ್ಲಿ ತಡೆದ ಕೈಯೇ ಹಿಂಬಾಗಿಲಿಂದ ಕರೆದದ್ದೂ ಉಂಟು. 1980ರಲ್ಲಿ ಅಟಾರಿಯ ‘ಬ್ಯಾಟಲ್‌ಝೋನ್’ ಎಂಬ ಟ್ಯಾಂಕ್ ಆಟ ಬಂತು. ಅಮೆರಿಕಾ ಸೈನ್ಯಕ್ಕೆ ಅದು ಹಿಡಿಸಿ, ಸೈನಿಕರ ತರಬೇತಿಗೆ ಬೇಕು ಅಂತ ಕೇಳಿ 1981ರಲ್ಲಿ ಮಾದರಿ ಮಾಡಿಸಿಕೊಂಡಿತು. ಆಟ ಬರೆದ ಎಡ್ ರಾಟ್‌ಬರ್ಗ್ ಈ ಕೆಲಸಕ್ಕೆ ವಿರೋಧ ಹೇಳಿದ, ಆದರೂ ಅವನ ಕೈಯಲ್ಲೇ ಮಾಡಿಸಿದರು. 1983ರ ಮಾರ್ಚಿನಲ್ಲಿ ಅಧ್ಯಕ್ಷ ರೇಗನ್ ಫ್ಲಾರಿಡಾದಲ್ಲಿ ಮಾತಾಡುತ್ತಾ, ಈ ಆಟ ಆಡುವ ಮಕ್ಕಳ ಕಣ್ಣು ಕೈಗಳ ಹೊಂದಾಣಿಕೆಯನ್ನು ಹೊಗಳಿ, ವಾಯುಪಡೆಗೆ ಒಳ್ಳೇ ಪೈಲಟ್ಟುಗಳಾಗುತ್ತಾರೆ ಅಂದ. ಆಟದಂಗಡಿಯಲ್ಲಿ ನಿಂತಾಗ ಪುಂಡರು, ಬಾಂಬು ಹಾಕಲು ಬೇಕಾದಾಗ ಪ್ರತಿಭಾವಂತರು. ಅತ್ತ ‘ಮಿಸೈಲ್ ಕಮಾಂಡ್’ ಮಾಡಿದ ಡೇವ್ ಥ್ಯೂರರ್‌ಗೆ ಅಣುಬಾಂಬಿನ ದುಃಸ್ವಪ್ನ ಬೀಳುತ್ತಿತ್ತು. ಅವನ ಆಟದಲ್ಲಿ ಆರು ಊರುಗಳನ್ನು ಕಾಯಬೇಕು. ಎಷ್ಟೇ ಚೆನ್ನಾಗಿ ಆಡಿದರೂ ಗೆಲುವು ಅಂತ ಒಂದಿಲ್ಲ. ಇಡೀ ಆ ಕಾಲದಲ್ಲಿ ನನಗೆ ಗೌರವ ಹುಟ್ಟಿಸುವ ಆಟ ಅದೊಂದು.

1983ರಲ್ಲಿ ಅಮೆರಿಕಾದ ವಿಡಿಯೋ ಆಟದ ವ್ಯಾಪಾರ ಕುಸಿಯಿತು. ಆ ಫೆಬ್ರವರಿಯಲ್ಲೇ ಅಟಾರಿ 1,700 ಜನರ ಕೆಲಸ ಕಿತ್ತು, ತಯಾರಿಕೆಯನ್ನು ಹಾಂಗ್‌ಕಾಂಗ್ ಮತ್ತು ತೈವಾನಿಗೆ ಒಯ್ಯುವುದಾಗಿ ಸಾರಿತು. ಸೆಪ್ಟೆಂಬರಿನಲ್ಲಿ ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ಲಾರಿಗಟ್ಟಲೆ ತಂದು ನ್ಯೂಮೆಕ್ಸಿಕೋದ ಅಲಮಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತು. 2014ರ ಏಪ್ರಿಲ್ 26ರಂದು ಸಿನಿಮಾದವರು ಆ ಗುಂಡಿ ಅಗೆಸಿದರು. ಅಭಿಮಾನಿಗಳು ದೂರದಿಂದ ಬಂದು ಸಾಲು ನಿಂತು ನೋಡಿದರು. ಸಿಕ್ಕಿದ ಕಾರ್ಟ್ರಿಜ್‌ಗಳಲ್ಲಿ ಹಲವನ್ನು ಹರಾಜು ಹಾಕಿ ಸುಮಾರು 1,08,000 ಡಾಲರ್ ಎತ್ತಿದರು. ಮಿಕ್ಕವು ಕೆಲವು ಮ್ಯೂಸಿಯಮ್ಮು ಸೇರಿದವು. ಶಿಪ್‌ರಾಕ್ ಇರುವುದೂ ಅದೇ ನ್ಯೂಮೆಕ್ಸಿಕೋದಲ್ಲಿ. ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಹತ್ತು ವರ್ಷ ಕೂತ ಹೆಂಗಸರನ್ನು ಹುಡುಕಿಕೊಂಡು ಯಾವ ಅಭಿಮಾನಿಯ ಗುಂಪೂ ಹೋಗಲಿಲ್ಲ.

ಮನೆಯಲ್ಲಿ ಮೆಷೀನು ಕೊಂಡವರು ಮನೆಗೆ ಹೋದರು. ಕೊಳ್ಳಲಾಗದವರು ಎಲ್ಲಿಗೆ ಹೋದರು? ನ್ಯೂಯಾರ್ಕಿನ ಚೈನಾಟೌನಿನ ಮಾಟ್ ಬೀದಿಯಲ್ಲಿ ‘ಚೈನಾಟೌನ್ ಫೇರ್’ ಅಂತ ಒಂದು ಹಳೇ ಆಟದಂಗಡಿ ಇತ್ತು. ಕಾಸು ಹಾಕಿದರೆ ಕುಣಿಯುವ ಜೀವಂತ ಕೋಳಿ ಇತ್ತು ಅಲ್ಲಿ, ಪಾಪ. 1991ರಲ್ಲಿ ಕ್ಯಾಪ್ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ ಬಂದ ಮೇಲೆ ಇಂಥಾ ಅಂಗಡಿಗಳಿಗೆ ಮತ್ತೆ ಜೀವ ಬಂತು. ಕರಿಯರು, ಚೀನೀಯರು, ಪೋರ್ಟೊರಿಕೊದವರು, ಹಾರ್ಲೆಮ್ಮಿನಿಂದಲೂ ಬ್ರೂಕ್ಲಿನ್ನಿನಿಂದಲೂ ರೈಲು ಹತ್ತಿ ಬಂದ ಹುಡುಗರು ಭುಜಕ್ಕೆ ಭುಜ ಹಚ್ಚಿ ಗುದ್ದಾಡುವ ಆಟ ಆಡಿದರು. ಮನೆಯಲ್ಲಿ ಜಗಳವಾದರೆ ಅಲ್ಲಿ ಬಂದು ನಿಲ್ಲುತ್ತಿದ್ದವರಿದ್ದರು. ಊರೂರಿನ ಆರ್ಕೇಡುಗಳು ಮುಚ್ಚಿದರೂ ಇದು ಇನ್ನೂ ಎರಡು ದಶಕ ಉಳಿಯಿತು.

2011ರ ಫೆಬ್ರವರಿಯಲ್ಲಿ ಅದೂ ಮುಚ್ಚಿತು. 2012ರಲ್ಲಿ ಅದೇ ಬೋರ್ಡು ಹಾಕಿ ಬೇರೆಯವರು ಬಾಗಿಲು ತೆಗೆದಾಗ ಅದು ಸಂಸಾರವಂದಿಗರ ವಿನೋದದ ಜಾಗವಾಗಿತ್ತು. ಗೆದ್ದರೆ ಚೀಟಿ, ಚೀಟಿಗೆ ಬೊಂಬೆ. ಹಳೇ ಹುಡುಗರು ಅಲ್ಲಿ ನಿಲ್ಲಲಿಲ್ಲ. ಹಳೇ ಅಂಗಡಿ ನೋಡಿಕೊಳ್ಳುತ್ತಿದ್ದವರು ಬ್ರೂಕ್ಲಿನ್ನಿನಲ್ಲಿ 2011ರಲ್ಲೇ ‘ನೆಕ್ಸ್ಟ್ ಲೆವೆಲ್’ ಅಂತ ಒಂದು ಸಣ್ಣ ಜಾಗ ಶುರು ಮಾಡಿದ್ದರು. ದೊಡ್ಡ ಮೆಷೀನುಗಳನ್ನು ಕೊಳ್ಳುವ ದುಡ್ಡೆಲ್ಲಿಂದ ಬರಬೇಕು? ಮನೆಯಲ್ಲಿ ಆಡುವ ಪೆಟ್ಟಿಗೆಗಳನ್ನೇ ತಂದು ಟೇಬಲ್ಲುಗಳ ಮೇಲೆ ಸಾಲಾಗಿ ಇಟ್ಟರು, ಎದುರಿಗೆ ಟಿ.ವಿ. ಪರದೆ, ಮಡಚುವ ಕುರ್ಚಿ. ಹುಡುಗರು ಬಂದು ಕುರ್ಚಿಯ ಹಿಂದೆ ಸರದಿ ನಿಂತರು.